ಸಾಸಿವೆ ಕಾಳಿನಷ್ಟು ಕಲ್ಲಿಗೆ ಒಂದು ಡಬ್ಬಿ

ವಿಜಯಪುರದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಟೇಬಲ್ಲಿಗೆ ಎರಡು ಡ್ರಾಯರ್. ಮೇಲಿನದರಲ್ಲಿ ಚಾರ್ಜಿಂಗ್ ಪಿನ್, ಹಳೇ ಡಿಸ್‌ಪ್ಲೇ, ಯಾವ ಫೋನಿನದು ಅಂತ ಮರೆತುಹೋದ ಸ್ಕ್ರೂಗಳು. ಕೆಳಗಿನದರಲ್ಲಿ ಕಲ್ಲು.

ಕಲ್ಲು ಅಂದರೆ ಗಿರಾಕಿಗಳು ಉಂಗುರದ ಹರಳು ಅಂದುಕೊಳ್ಳುತ್ತಾರೆ. ಒಬ್ಬರಂತೂ ನನಗೆ ಶನಿ ನಡೆಯುತ್ತಿದೆ, ಯಾವುದು ಹಾಕಿಕೊಳ್ಳಲಿ ಅಂತ ಕೇಳಿದ್ದರು. ಡ್ರಾಯರ್ ಎಳೆದು ತೋರಿಸಿದರೆ ನಿರಾಸೆ. ಒಂದೊಂದು ಇಂಚಿನ ಪ್ಲಾಸ್ಟಿಕ್ ಡಬ್ಬಿಗಳು, ಒಳಗೆಲ್ಲ ಕಪ್ಪು, ನಡುವೆ ಒಂದು ಗಿಡ್ಡ ಕಡ್ಡಿ, ಕಡ್ಡಿಯ ತಲೆ ಮೇಲೆ ಸಾಸಿವೆಯಷ್ಟು ಏನೋ ಒಂದು. ಹೋದ ವರ್ಷ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ನನ್ನ ಹೆಂಡತಿ ಇಂಥವೇ ನಾಲ್ಕು ಡಬ್ಬಿಗಳನ್ನು ಧೂಳು ಅಂತ ಜಾಡಿಸಿ, ತೊಳೆದು, ಒರೆಸಿ, ಅದರಲ್ಲಿ ಪಿನ್ನು ಹಾಕಿಟ್ಟಿದ್ದಳು. ತಪ್ಪು ಅವಳದಲ್ಲ. ಬರಿಗಣ್ಣಿಗೆ ಅದು ಧೂಳೇ.

ಇದಕ್ಕೆ ಮೈಕ್ರೋಮೌಂಟ್ ಅಂತಾರೆ. ಸೂಕ್ಷ್ಮದರ್ಶಕ ಇಲ್ಲದೆ ನೋಡಲಾಗದ ಖನಿಜದ ಹರಳುಗಳನ್ನು ಹುಡುಕಿ, ಕಡ್ಡಿಗೆ ಅಂಟಿಸಿ, ಡಬ್ಬಿಯಲ್ಲಿಟ್ಟು, ಹೆಸರು ಬರೆದು ಕೂಡಿಡುವ ಹುಚ್ಚು. 19ನೇ ಶತಮಾನದಲ್ಲೇ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾರ್ಜ್ ರೇಕ್‌ಸ್ಟ್ರಾ ಎಂಬವರು ಹೀಗೆ ಡಬ್ಬಿ ತುಂಬಿಸಲು ಶುರು ಮಾಡಿದ್ದರು. ನನಗೆ ಇದು ಗೊತ್ತಾಗಿದ್ದು ನಾನು ಎಪ್ಪತ್ತು ಡಬ್ಬಿ ತುಂಬಿಸಿದ ಮೇಲೆ. ಅಲ್ಲಿವರೆಗೂ ಇಂಥ ಕೆಲಸ ಮಾಡುವವನು ಜಗತ್ತಿನಲ್ಲಿ ನಾನೊಬ್ಬನೇ ಅಂತ ಒಳಗೊಳಗೆ ಹೆಮ್ಮೆ ಬೇರೆ.

ಶುರುವಾಗಿದ್ದು ಲಾಕ್‌ಡೌನಿನಲ್ಲಿ. ಅಂಗಡಿ ಬಂದ್. ರಿಪೇರಿಯವರ ಹತ್ತಿರ ಒಂದು ಒಳ್ಳೇ ಸೂಕ್ಷ್ಮದರ್ಶಕ ಇರುತ್ತದೆ ಅನ್ನೋದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಬೋರ್ಡಿನ ಮೇಲಿನ ಐಸಿ ಕಿತ್ತು ಕೂರಿಸಲು ಬೇಕೇ ಬೇಕು. ಎರಡು ಕಣ್ಣಿನಿಂದ ನೋಡುವಂಥದ್ದು, 7ರಿಂದ 45 ಪಟ್ಟು ದೊಡ್ಡದು ಮಾಡುತ್ತದೆ, ಆಳ ಕಾಣಿಸುತ್ತದೆ. ಅದನ್ನು ಮನೆಗೆ ತಂದಿಟ್ಟುಕೊಂಡು, ಮಾಡಲು ಕೆಲಸವಿಲ್ಲದೆ, ಸಿಕ್ಕಿದ್ದನ್ನೆಲ್ಲ ಅದರ ಕೆಳಗೆ ಇಟ್ಟೆ. ಇರುವೆ ಇಟ್ಟೆ. ಹರಳುಪ್ಪು ಇಟ್ಟೆ. ಒಂದೊಂದು ಹರಳೂ ಚೌಕಾಕಾರ, ಕೆಲವಕ್ಕೆ ಒಳಗೆ ಇಳಿಯುವ ಮೆಟ್ಟಿಲುಗಳು, ಕಲ್ಯಾಣಿಯ ಹಾಗೆ. ಕಲ್ಲುಸಕ್ಕರೆ ಇಟ್ಟೆ. ಆಮೇಲೆ ಅಪ್ಪ ಒಂದು ಕಾಗದದ ಪೊಟ್ಟಣ ತಂದು ಕೊಟ್ಟರು, ಹಿಂದಿನ ವರ್ಷ ಅವರಿಗೆ ಬಿದ್ದ ಕಿಡ್ನಿ ಹರಳು, ಯಾಕೆ ಕಾಯ್ದಿಟ್ಟಿದ್ದರೋ ದೇವರಿಗೇ ಗೊತ್ತು. ಇಟ್ಟು ನೋಡಿದೆ. ಎರಡು ಪಿರಮಿಡ್‌ಗಳನ್ನು ಬುಡಕ್ಕೆ ಬುಡ ಅಂಟಿಸಿದ ಹಾಗೆ, ಚೂಪು ಚೂಪಾದ, ಜೇನಿನ ಬಣ್ಣದ ಹರಳುಗಳ ಗುಂಪು. ಅಪ್ಪನಿಗೂ ತೋರಿಸಿದೆ. ಒಂದು ನಿಮಿಷ ನೋಡಿದರು. 'ಇದಾ ನನ್ನ ಕೊಂದದ್ದು' ಅಂದರು, ಬೈಗುಳದಲ್ಲೂ ಒಂಥರಾ ಮೆಚ್ಚುಗೆ ಇತ್ತು.

ಆ ವಸ್ತುವಿನ ಹೆಸರು ವೆಡ್ಡೆಲೈಟ್. ದೇಹದೊಳಗೆ ಬೆಳೆದದ್ದನ್ನು ಖನಿಜ ಅಂತ ಲೆಕ್ಕ ಹಿಡಿಯುವುದಿಲ್ಲ, ಆದರೆ ಅದೇ ಕ್ಯಾಲ್ಸಿಯಂ ಆಕ್ಸಲೇಟು ಅಂಟಾರ್ಕ್ಟಿಕಾದ ವೆಡ್ಡೆಲ್ ಸಮುದ್ರದ ತಳದ ಕೆಸರಿನಲ್ಲಿ ಸಿಕ್ಕಿತ್ತು, ಆ ಹೆಸರು ಬಂದಿದ್ದು ಅಲ್ಲಿಂದ. ಅಂಟಾರ್ಕ್ಟಿಕಾದ ಕೆಸರಿನಲ್ಲೂ ನಮ್ಮಪ್ಪನ ಹೊಟ್ಟೆಯಲ್ಲೂ ಒಂದೇ ಆಕಾರ. ನಮ್ಮ ಭಾಷೆಯಲ್ಲಂತೂ ಉಪ್ಪಿನದೂ ಹರಳು, ಉಂಗುರದ್ದೂ ಹರಳು, ಅಕ್ಕಿಯಲ್ಲಿ ಹಲ್ಲಿಗೆ ಸಿಗುವುದೂ ಹರಳು, ಕಿಡ್ನಿಯಲ್ಲಿರುವುದೂ ಹರಳು. ಮೊದಲೆಲ್ಲ ಇದು ಸುಮ್ನೆ ಬಂದ ಮಾತು ಅಂದುಕೊಂಡಿದ್ದೆ. ಈಗ ಯಾರೋ ಸರಿಯಾಗಿ ನೋಡಿಯೇ ಇಟ್ಟ ಹೆಸರು ಅನ್ನಿಸುತ್ತದೆ.

ಎದುರು ಮನೆ ಕಟ್ಟುತ್ತಿದ್ದರು, ಕೆಲಸ ನಿಂತು ಖಡಿ ರಾಶಿ ಹಾಗೇ ಬಿದ್ದಿತ್ತು. ಒಂದು ದಿನ ಅದರಲ್ಲೊಂದು ಕಲ್ಲು ತಂದೆ. ಕರಿ ಕಲ್ಲು, ನಡುವೆ ಕಡಲೆ ಕಾಳಿನಷ್ಟು ತೂತು, ತೂತಿನಲ್ಲಿ ಬಿಳಿ ಏನೋ. ಸುಣ್ಣ ಇರಬೇಕು ಅಂತ ಲೆನ್ಸ್ ಕೆಳಗೆ ತಳ್ಳಿದೆ. ಅಲ್ಲಿ ಜೋಳದ ಸಿವುಡುಗಳು ನಿಂತಿದ್ದವು. ನಿಜವಾಗಲೂ. ನಡುವಿಗೆ ಕಟ್ಟಿದ, ಮೇಲೆ ಕೆಳಗೆ ಹರಡಿಕೊಂಡ, ರಾಶಿ ಮಾಡುವ ಮೊದಲು ಹೊಲದಲ್ಲಿ ನಿಲ್ಲಿಸುತ್ತಾರಲ್ಲ, ಹಾಗೆ, ಮುತ್ತಿನ ಹೊಳಪಿನ ಏಳೆಂಟು ಸಿವುಡುಗಳು, ಒಂದೊಂದೂ ಒಂದು ಮಿಲಿಮೀಟರಿಗಿಂತ ಚಿಕ್ಕದು. ಅವತ್ತು ರಾತ್ರಿ ಊಟಕ್ಕೆ ಮೂರು ಸಲ ಕರೆದರೂ ನಾನು ಹೋಗಲಿಲ್ಲ.

ಅದು ಸ್ಟಿಲ್ಬೈಟ್. ಜಿಯೊಲೈಟ್ ಅನ್ನುವ ದೊಡ್ಡ ಕುಟುಂಬದ್ದು. 1756ರಲ್ಲಿ ಸ್ವೀಡನ್ನಿನ ಆಕ್ಸೆಲ್ ಕ್ರಾನ್‌ಸ್ಟೆಟ್ ಇಂಥದ್ದೊಂದು ಕಲ್ಲನ್ನು ಊದುಕೊಳವೆಯ ಉರಿಗೆ ಹಿಡಿದಾಗ ಅದು ಕುದಿಯುವ ಹಾಗೆ ನೊರೆಯಾಯಿತಂತೆ. ಗ್ರೀಕಿನಲ್ಲಿ ಕುದಿಯುವ ಕಲ್ಲು ಅನ್ನುವ ಅರ್ಥದಲ್ಲಿ ಜಿಯೊಲೈಟ್ ಅಂತ ಹೆಸರಿಟ್ಟರು. ಕಲ್ಲಿನೊಳಗೆ ನೀರಿರುತ್ತದೆ, ಅದಕ್ಕೆ. ನಾನೂ ಮಾಡಿ ನೋಡಿದೆ. ಒಂದು ಬದಿ ಮುಚ್ಚಿದ ಗಾಜಿನ ಕೊಳವೆಯಲ್ಲಿ ಎರಡು ಚೂರು ಹಾಕಿ ಬುಡಕ್ಕೆ ಉರಿ ಹಿಡಿದರೆ, ಹರಳು ಹಾಲಿನ ಹಾಗೆ ಬಿಳಿಚಿಕೊಳ್ಳುತ್ತದೆ, ಕೊಳವೆಯ ತಣ್ಣಗಿನ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಹನಿಗಳು ಕೂರುತ್ತವೆ. ಬೇಸಿಗೆಯಲ್ಲಿ ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಊರಿನವನು ನಾನು. ಕಲ್ಲಿನಿಂದ ನೀರು ಬಂದದ್ದು ನೋಡಿ ಏನನ್ನಿಸಿರಬೇಡ! ಹಾಂ, ಅದು ಡೈನೋಸಾರ್ ಕಾಲದ ನೀರು ಅಂತ ಮಾತ್ರ ನಂಬಬೇಡಿ. ಜಿಯೊಲೈಟ್ ಸ್ಪಂಜಿನ ಥರ, ನೀರು ಬಿಡುತ್ತದೆ, ಗಾಳಿಯಲ್ಲಿನ ತೇವ ಮತ್ತೆ ಹೀರುತ್ತದೆ.

ಇವು ಇಲ್ಲಿಗೆ ಹೇಗೆ ಬಂದವು ಅಂತ ಸ್ವಲ್ಪ ಹೇಳಲೇಬೇಕು. ಸುಮಾರು 6.6 ಕೋಟಿ ವರ್ಷದ ಹಿಂದೆ ದಖನ್ನಿನ ಮೇಲೆ ಲಾವಾ ಹರಿಯಿತು. ಒಂದು ಸಲ ಅಲ್ಲ, ಪದರಿನ ಮೇಲೆ ಪದರು. ಈಗ ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ವಿಜಯಪುರ ಜಿಲ್ಲೆಯ ಬಹುಪಾಲು ಮತ್ತು ಬೆಳಗಾವಿಯ ಉತ್ತರದ ತಾಲೂಕುಗಳು ಇದರ ಮೇಲೇ ಕೂತಿವೆ. ನಮ್ಮ ಎರೆ ಮಣ್ಣು ಈ ಕಲ್ಲು ಕರಗಿ ಆದದ್ದು, 1656ರಲ್ಲಿ ಮುಗಿದ ಗೋಳಗುಮ್ಮಟವೂ ಇದೇ ಕಲ್ಲಿನದು. ಲಾವಾದಲ್ಲಿ ಗಾಳಿಗುಳ್ಳೆಗಳು ಇರುತ್ತವೆ, ದೋಸೆಯಲ್ಲಿ ತೂತು ಬೀಳುವ ಹಾಗೆ, ಅವು ಮೇಲಕ್ಕೆ ಏರುತ್ತವೆ. ಆದ್ದರಿಂದ ಪ್ರತಿ ಪದರಿನ ಮೇಲ್ಭಾಗ ತೂತು ತೂತು, ಕೆಳಭಾಗ ಗಟ್ಟಿ. ಆಮೇಲೆ ಎಷ್ಟೋ ಲಕ್ಷ ವರ್ಷ, ಕೆಲವು ಕಡೆ ಕೋಟ್ಯಂತರ ವರ್ಷ ಬಿಟ್ಟು, ಬಿಸಿ ನೀರು ಈ ತೂತುಗಳಲ್ಲಿ ಹಾದುಹೋಗುತ್ತಾ ಕಲ್ಲಿನಿಂದ ಕರಗಿಸಿಕೊಂಡದ್ದನ್ನು ಹರಳಾಗಿ ಬಿಟ್ಟುಹೋಯಿತು.

ಈಗ ನನ್ನ ಲಾಭದ ಮಾತು. ಖಡಿಗೆ ಗಟ್ಟಿ ಕಲ್ಲೇ ಬೇಕು. ತೂತಿನ ಕಲ್ಲು ಕಾಂಕ್ರೀಟಿಗೆ ಬರುವುದಿಲ್ಲ, ಹಾಗಾಗಿ ಕ್ವಾರಿಯವರು ಅದನ್ನು ಪಕ್ಕಕ್ಕೆ ಎಸೆಯುತ್ತಾರೆ. ಬಾವಿ ತೋಡಿದವರೂ ಅಷ್ಟೇ, ದಂಡೆಯ ಮೇಲೆ ಗುಡ್ಡೆ ಹಾಕಿ ಬಿಡುತ್ತಾರೆ. ಎಸೆದದ್ದೆಲ್ಲ ನನ್ನದು. ಪುಣೆ, ನಾಸಿಕ, ಜಳಗಾವ ಕಡೆಯ ಕ್ವಾರಿಗಳಿಂದ ಅಂಗೈಯಗಲದ, ತಟ್ಟೆಯಗಲದ ಹರಳುಗಳು ಬರುತ್ತವೆ, ಹಸಿರು ಅಪೋಫಿಲೈಟು, ಗುಲಾಬಿ ಸ್ಟಿಲ್ಬೈಟು, ಅವು ನೇರ ವಿದೇಶಕ್ಕೆ ಹೋಗುತ್ತವೆ. ಅದಕ್ಕೆ ವ್ಯಾಪಾರಿಗಳಿದ್ದಾರೆ, ಏಜೆಂಟರಿದ್ದಾರೆ, ಕಲ್ಲಿನ ಗೂಡು ಒಡೆದ ದಿನವೇ ಫೋನು ಹೋಗುತ್ತದೆ. ಅರ್ಧ ಮಿಲಿಮೀಟರಿನ ಹರಳಿಗೆ ಯಾವ ಏಜೆಂಟನೂ ಇಲ್ಲ. ಅದು ಬಿದ್ದಲ್ಲೇ ಬಿದ್ದಿರುತ್ತದೆ, ರಿಪೇರಿ ಅಂಗಡಿಯವನು ಬರುವವರೆಗೆ.

ಬಡವನ ಪಾಲಿಗೆ ಚಿಕ್ಕದು ಅಂತ ಸಮಾಧಾನಕ್ಕೆ ಹೇಳುತ್ತಿಲ್ಲ. ಚಿಕ್ಕ ಹರಳು ನಿಜಕ್ಕೂ ಚೆಂದ. ದೊಡ್ಡದು ಬೆಳೆಯುವಾಗ ಪಕ್ಕದವನ ಜೊತೆ ಗುದ್ದಾಡುತ್ತದೆ, ಮೂಲೆ ಮುರಿಯುತ್ತದೆ, ಲಾರಿಯಲ್ಲಿ ಉಜ್ಜುತ್ತದೆ. ಚಿಕ್ಕದಕ್ಕೆ ತೂತಿನ ತುಂಬ ಜಾಗ, ಅದರ ಎಲ್ಲಾ ಮುಖಗಳೂ ತಮ್ಮಷ್ಟಕ್ಕೆ ಬೆಳೆದಿರುತ್ತವೆ. ಇನ್ನೊಂದು ಸಂಗತಿ: ಜಗತ್ತಿನಲ್ಲಿ ಇವತ್ತು ಗುರುತಾದ ಖನಿಜಗಳು 6,000ಕ್ಕೂ ಜಾಸ್ತಿ. ಅವುಗಳಲ್ಲಿ ಎಷ್ಟೋ ಅಪರೂಪದವು ಸೂಕ್ಷ್ಮ ಗಾತ್ರದಲ್ಲಿ ಮಾತ್ರ ಸಿಗುತ್ತವೆ, ದೊಡ್ಡ ಹರಳು ಅನ್ನುವುದೇ ಇಲ್ಲ. ಷೋಕೇಸಿನವರಿಗೆ ಅವು ಸಿಗುವುದೇ ಇಲ್ಲ ಅಲ್ವಾ!

ಸಾಮಾನಿನ ಬಗ್ಗೆ ಕೇಳುತ್ತಾರೆ, ಹೇಳಿಬಿಡುತ್ತೇನೆ. ಡಬ್ಬಿ ಬಂಗಾರದ ಅಂಗಡಿಯವರು ಮೂಗುಬೊಟ್ಟು ಹಾಕಿ ಕೊಡುವಂಥದ್ದು, ಸಗಟಿನಲ್ಲಿ ತಂದರೆ ಅಗ್ಗ. ಒಳಗೆ ಕಪ್ಪು ಕಾಗದ. ಕಡ್ಡಿ ವಿಚಾರಕ್ಕೆ ಬಂದರೆ, ಹೊರದೇಶದವರು ಬಾಲ್ಸಾ ಮರ, ಬೂಚು ಬಳಸುತ್ತಾರೆ. ನಾನು ಬಳಸುವುದು ಜೋಳದ ದಂಟಿನ ಬೆಂಡು. ಚಿಕ್ಕವರಿದ್ದಾಗ ಇದರಲ್ಲೇ ಬಂಡಿ, ಎತ್ತು ಮಾಡುತ್ತಿದ್ದೆವು. ಸಿಪ್ಪೆ ಸುಲಿದು, ಬೆಂಡನ್ನು ಬ್ಲೇಡಿನಿಂದ ಕತ್ತರಿಸಿ, ದೀಪದ ಮಸಿ ಹಚ್ಚಿದರೆ ಡಬ್ಬಿಯೊಳಗೆ ಕಾಣಿಸುವುದೇ ಇಲ್ಲ, ಹರಳು ಗಾಳಿಯಲ್ಲಿ ನಿಂತ ಹಾಗಿರುತ್ತದೆ. ಒಂದೇ ತೊಂದರೆ, ಹುಳ. ಮೊದಲ ಮಳೆಗಾಲಕ್ಕೆ ಆರು ಬೆಂಡುಗಳು ಪುಡಿಯಾಗಿ ಹರಳು ಕೆಳಗೆ ಬಿದ್ದಿದ್ದವು. ಈಗ ಬೆಂಡನ್ನು ಒಮ್ಮೆ ಹಾಟ್ ಏರ್ ಗನ್ನಿನ ಕೆಳಗೆ ಹದವಾಗಿ ಕಾಯಿಸಿಯೇ ಬಳಸುತ್ತೇನೆ. ಅಂಟು ಶಾಲೆ ಮಕ್ಕಳ ಬಿಳಿ ಗಮ್ಮು. ಫೆವಿಕ್ವಿಕ್ ಥರದ್ದು ಬೇಡವೇ ಬೇಡ, ಅದರ ಹಬೆ ಹರಳಿನ ಮೇಲೆ ಬಿಳಿ ಮಂಜಿನ ಹಾಗೆ ಕೂರುತ್ತದೆ, ಫೋನಿನ ಗಾಜಿನ ಮೇಲೆ ಕೂತ ಹಾಗೆಯೇ.

ಕಲ್ಲು ಒಡೆಯುವುದು ಮಾತ್ರ ಒಂದು ವಿದ್ಯೆ. ಸುತ್ತಿಗೆಯಲ್ಲಿ ಹೊಡೆದರೆ ಹೊಡೆತದ ಅದುರಿಗೇ ಹರಳು ಉದುರುತ್ತದೆ. ಒತ್ತಿ ಒಡೆಯಬೇಕು. ಇದಕ್ಕೆಂದೇ ಸ್ಕ್ರೂ ತಿರುಗಿಸುವ ಯಂತ್ರ ಬರುತ್ತದೆ, ನನ್ನ ಹತ್ತಿರ ಇರಲಿಲ್ಲ. ಅಮ್ಮನ ಅಡಕೊತ್ತು ಇತ್ತು. ಚೆನ್ನಾಗಿಯೇ ಕೆಲಸ ಮಾಡಿತು, ಅಡಿಕೆ ಕತ್ತರಿಸುವುದನ್ನು ಬಿಟ್ಟರೆ. ಅಮ್ಮನಿಗೆ ಹೊಸದು ತಂದುಕೊಟ್ಟೆ, ಹಳೆಯದು ನನ್ನದಾಯಿತು. ಅದು ಅಜ್ಜಿ ಕೊಟ್ಟದ್ದಂತೆ. ಇವತ್ತಿಗೂ ಅಡಿಕೆ ತಟ್ಟೆ ಮುಂದಿಟ್ಟುಕೊಂಡಾಗಲೆಲ್ಲ ನನ್ನ ಕಡೆ ಒಂದು ನೋಟ ಬರುತ್ತದೆ.

ಹಾಳು ಮಾಡಿದ್ದೂ ಬಹಳ. ಒಂದು ಕಲ್ಲಿನಲ್ಲಿ ಕ್ಯಾಲ್ಸೈಟಿನ ಹರಳು, ಅದರ ಮೇಲೆ ಸ್ಕೋಲೆಸೈಟಿನ ಸೂಜಿಗಳು ಮುಳ್ಳುಹಂದಿಯ ಹಾಗೆ ಎದ್ದು ನಿಂತಿದ್ದವು. ಸ್ವಲ್ಪ ಕಂದು ಕೊಳೆ ಇತ್ತು. ಹಿತ್ತಾಳೆ ಪಾತ್ರೆ ಬೆಳಗುವ ಹಾಗೆ ನಿಂಬೆ ರಸದಲ್ಲಿ ನೆನೆಹಾಕಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಕ್ಯಾಲ್ಸೈಟಿನ ಮೈ ಕರಗಿ ಹೋಗಿದೆ, ನಿಲ್ಲಲು ನೆಲೆ ಇಲ್ಲದೆ ಸೂಜಿಗಳು ತಳದಲ್ಲಿ ಮಲಗಿವೆ. ಹುಳಿ ತಾಗಿದರೆ ಕ್ಯಾಲ್ಸೈಟ್ ಬುಸ್ ಅಂತ ಗುಳ್ಳೆ ಬಿಟ್ಟು ಕರಗುತ್ತದೆ ಅಂತ ಎಂಟನೇ ಕ್ಲಾಸಿನಲ್ಲೇ ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಆದರೆ ನನ್ನ ಹೊಟ್ಟೆ ಉರಿಸಿದ್ದು ಲಾಮೊಂಟೈಟ್. ಇಂಡಿ ರಸ್ತೆಯ ಕಡೆ ಒಬ್ಬರ ಹೊಸ ಬಾವಿ. ಕಲ್ಲು ಇನ್ನೂ ಹಸಿಯಾಗಿತ್ತು, ಎರಡು ಲಾವಾ ಪದರುಗಳ ನಡುವೆ ಬರುತ್ತದಲ್ಲ ಕೆಂಪು ಮಣ್ಣಿನ ಪಟ್ಟಿ, ಅದರ ಹತ್ತಿರದ ಕಲ್ಲು. ಒಂದು ತೂತಿನಲ್ಲಿ ಗಾಜಿನ ಕಂಬಗಳು ನಿಂತ ಹಾಗೆ, ಓರೆಯಾಗಿ ಕತ್ತರಿಸಿದ ತುದಿ, ನೀರಿನಷ್ಟು ಸ್ವಚ್ಛ. ಅಂಥದ್ದು ನಾನು ಅದುವರೆಗೆ ನೋಡಿರಲಿಲ್ಲ. ಒಂದೇ ಒಂದು ಫೋಟೋ ತೆಗೆದೆ. ನಾಳೆ ಸರಿಯಾಗಿ ತೆಗೆದರಾಯಿತು ಅಂತ ಅಂಗಡಿಯ ಕಿಟಕಿಯಲ್ಲಿ ಇಟ್ಟೆ. ಏಪ್ರಿಲ್ ತಿಂಗಳು. ವಿಜಯಪುರದ ಏಪ್ರಿಲ್ ಅಂದರೆ ಹೇಳಬೇಕಾಗಿಲ್ಲ. ಮರುದಿನಕ್ಕೆ ಹರಳುಗಳು ಮಸುಕಾದವು. ವಾರದಲ್ಲಿ ಬಿಳಿಯಾದವು. ಮುಟ್ಟಿದರೆ ಹಲ್ಲುಪುಡಿ. ಲಾಮೊಂಟೈಟ್ ಒಣ ಗಾಳಿಯಲ್ಲಿ ತನ್ನೊಳಗಿನ ನೀರು ಬಿಟ್ಟು ಹೀಗೆ ಪುಡಿಯಾಗುವುದು ಗೊತ್ತಿರುವ ವಿಷಯವೇ. 1785ರಲ್ಲಿ ಫ್ರಾನ್ಸಿನ ಗಣಿಯಲ್ಲಿ ಇದನ್ನು ಕಂಡ ಲಾಮೊಂಟ್ ಅವರ ಹೆಸರೇ ಇದಕ್ಕಿದೆ. ನನಗೆ ಮಾತ್ರ ಗೊತ್ತಿರಲಿಲ್ಲ. ಈಗ ಹೊಸ ಬಾವಿಗೆ ಹೋಗುವಾಗ ಒದ್ದೆ ಬಟ್ಟೆ, ಮುಚ್ಚಳ ಗಟ್ಟಿ ಇರುವ ಡಬ್ಬಿ ಜೊತೆಗಿರುತ್ತವೆ. ಮೂರು ವರ್ಷವಾಯಿತು, ಅಷ್ಟು ಸ್ವಚ್ಛವಾದದ್ದು ಮತ್ತೆ ಸಿಕ್ಕಿಲ್ಲ. ಆ ಪುಡಿಯನ್ನೂ ಒಂದು ಡಬ್ಬಿಗೆ ಹಾಕಿ ನಂಬರ್ ಕೊಟ್ಟಿದ್ದೇನೆ. 88.

ಹೆಸರು ಹಿಡಿಯುವುದು ಇನ್ನೊಂದು ಕಷ್ಟ. ಕೆಲವು ಆಕಾರದಲ್ಲೇ ಗೊತ್ತಾಗುತ್ತವೆ. ಸ್ಟಿಲ್ಬೈಟ್ ಸಿವುಡು. ಚಾಬಜೈಟ್ ಸ್ವಲ್ಪ ಜರುಗಿದ ಪಗಡೆ ದಾಳ. ಅಪೋಫಿಲೈಟ್ ಚೌಕ ಕಂಬದ ಮೇಲೆ ಗೋಪುರ. ಮಾರ್ಡೆನೈಟ್ ಹತ್ತಿ, ಉಸಿರು ಬಿಟ್ಟರೂ ಅಲುಗಾಡುವಷ್ಟು ನವಿರು, ಅದನ್ನು ತೊಳೆಯುವ ಮಾತೇ ಇಲ್ಲ. ಹ್ಯೂಲಂಡೈಟನ್ನು ಪುಸ್ತಕಗಳಲ್ಲಿ ಶವಪೆಟ್ಟಿಗೆ ಆಕಾರ ಅಂತ ಬರೆದಿರುತ್ತದೆ, ನನಗೆ ಮಾತ್ರ ಅದು ತೊಟ್ಟಿಲಿನ ಹಾಗೆ ಕಾಣುತ್ತದೆ. ಸೂಜಿಗಳ ವಿಷಯದಲ್ಲಿ ಸೋಲು. ನ್ಯಾಟ್ರೋಲೈಟಿನಲ್ಲಿ ಸೋಡಿಯಂ, ಸ್ಕೋಲೆಸೈಟಿನಲ್ಲಿ ಕ್ಯಾಲ್ಸಿಯಂ, ಮೆಸೊಲೈಟಿನಲ್ಲಿ ಎರಡೂ. ಮೂರೂ ಬಿಳಿ, ಮೂರೂ ಸೂಜಿ. ಲ್ಯಾಬಿನಲ್ಲಿ ಎಕ್ಸ್‌ರೇ ಹಾಯಿಸಿ ನೋಡಿದರೆ ಗೊತ್ತಾಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಗೊತ್ತಾಗುತ್ತದೆ ಅನ್ನುವವರು ಸುಳ್ಳು ಹೇಳುತ್ತಿದ್ದಾರೆ. ಅದು ಸಾಲದು ಅಂತ 1997ರಲ್ಲಿ ಜಿಯೊಲೈಟುಗಳ ಹೆಸರನ್ನೆಲ್ಲ ಮತ್ತೆ ಹಂಚಿದರು, ಈಗ ಬರೀ ಸ್ಟಿಲ್ಬೈಟ್ ಅಂದರೆ ಸಾಲದು, ಕ್ಯಾಲ್ಸಿಯಂ ಜಾಸ್ತಿ ಇರುವುದೋ ಸೋಡಿಯಂ ಜಾಸ್ತಿ ಇರುವುದೋ ಅಂತಲೂ ಹೇಳಬೇಕು. ಹೀಗಾಗಿ ನನ್ನ ಡ್ರಾಯರಿನ ಕಾಲುಭಾಗ ಲೇಬಲ್ಲುಗಳ ಮೇಲೆ ಪ್ರಶ್ನೆ ಚಿಹ್ನೆ ಇದೆ. ನಾಚಿಕೆಯೇನಿಲ್ಲ.

ಊರಿನ ಹೆಸರಿಗೆ ಮಾತ್ರ ಪ್ರಶ್ನೆ ಚಿಹ್ನೆ ಇರಬಾರದು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಹರಳಿನ ಹೆಸರು ತಪ್ಪಿದ್ದರೆ ನಾಳೆ ಯಾರಾದರೂ ತಿದ್ದಬಹುದು, ಕಲ್ಲು ಕೈಯಲ್ಲೇ ಇದೆ. ಎಲ್ಲಿಂದ ಬಂತು ಅನ್ನುವುದು ಕಲ್ಲಿನೊಳಗೆ ಬರೆದಿರುವುದಿಲ್ಲ. ಯಾವ ಊರು, ಬಾವಿಯೋ ಕ್ವಾರಿಯೋ, ಎಷ್ಟು ಆಳದ ಕಲ್ಲು, ಯಾವ ತಾರೀಖು. ಬಾವಿಗೆ ಆಮೇಲೆ ಕಟ್ಟೆ ಕಟ್ಟುತ್ತಾರೆ, ಕಲ್ಲಿನ ಗುಡ್ಡೆ ರಸ್ತೆಗೆ ಹೋಗುತ್ತದೆ, ಆ ಪದರು ಮತ್ತೆ ಯಾರಿಗೂ ಕಾಣುವುದಿಲ್ಲ. ಮೊದಲ ಮೂವತ್ತು ಡಬ್ಬಿಗಳಲ್ಲಿ ನಾನು 'ಖಡಿ' ಅಂತಷ್ಟೇ ಬರೆದಿದ್ದೆ. ಎದುರು ಮನೆಯವರ ಖಡಿ ಯಾವ ಕ್ವಾರಿಯಿಂದ ಬಂದದ್ದು ಅಂತ ಲಾರಿ ಡ್ರೈವರನ್ನು ಹುಡುಕಿ ಕೇಳಿದೆ. 'ಅವತ್ತು ಎಲ್ಲಿ ಸಿಕ್ತೋ ಅಲ್ಲಿಂದ್ರೀ' ಅಂದ.

ಒಮ್ಮೆ ದುಡ್ಡು ಕೊಟ್ಟೂ ತರಿಸಿದೆ. ಕ್ಯಾವನ್ಸೈಟ್. ನೀಲಿ ಅಂದರೆ ನೀಲಿ, ಅದರ ಮುಂದೆ ನವಿಲೂ ಸಪ್ಪೆ. ಹೆಸರೇ ಅದರ ಫಾರ್ಮುಲಾ: ಕ್ಯಾಲ್ಸಿಯಂ, ವನೇಡಿಯಂ, ಸಿಲಿಕೇಟ್, ಮೂರರ ಮೊದಲ ಅಕ್ಷರಗಳು. ಮೊದಲು ಸಿಕ್ಕಿದ್ದು ಅಮೆರಿಕದ ಆರೆಗಾನಿನಲ್ಲಿ, 1973ರಲ್ಲಿ ಹೆಸರಿಟ್ಟರು. ಆದರೆ ಜಗತ್ತಿನ ಒಳ್ಳೇ ಕ್ಯಾವನ್ಸೈಟೆಲ್ಲ ಬಂದದ್ದು ಪುಣೆ ಪಕ್ಕದ ವಾಘೋಲಿಯ ಕ್ವಾರಿಗಳಿಂದ. ಇದಕ್ಕೊಬ್ಬ ಅಣ್ಣತಮ್ಮ ಇದ್ದಾನೆ, ಪೆಂಟಗೊನೈಟ್. ಎರಡರಲ್ಲೂ ಇರುವುದು ಒಂದೇ, ಜೋಡಣೆ ಬೇರೆ. ಪೆಂಟಗೊನೈಟ್ ಐದೈದು ಸೇರಿ ನಕ್ಷತ್ರವಾಗುತ್ತದೆ, ಅದು ಇನ್ನೂ ಅಪರೂಪ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರನಿಂದ ಬಿಳಿ ಸ್ಟಿಲ್ಬೈಟಿನ ಮೇಲೆ ಕೂತ ಕ್ಯಾವನ್ಸೈಟ್ ತರಿಸಿದೆ. ಮೂರು ದಿನದ ದುಡಿಮೆ ಅದರಲ್ಲಿ ಹೋಯಿತು. ಲೆನ್ಸ್ ಕೆಳಗಿಟ್ಟೆ, ಚೆಂದವೇ ಚೆಂದ. ಬುಡದಲ್ಲಿ ಮಾತ್ರ ಏನೋ ಹೊಳೆಯುತ್ತಿತ್ತು. ನಮ್ಮಲ್ಲಿ ಸ್ಕ್ರೀನಿನ ಗಮ್ಮು ಗಟ್ಟಿ ಮಾಡಲು ನೇರಳೆ ಬೆಳಕಿನ ಟಾರ್ಚ್ ಇರುತ್ತದೆ, ಅದನ್ನು ಹಿಡಿದೆ. ನೀಲಿ ಹರಳಿನ ಸುತ್ತ ಬಿಳಿ ಉಂಗುರ ಬೆಳಗಿತು. ಗಮ್ಮು! ಒಳಗೆ ಒಂದು ಗಾಳಿಗುಳ್ಳೆ, ಬಟ್ಟೆಯ ಒಂದು ನೂಲು. ನೀಲಿ ನಿಜವಾದದ್ದೇ, ಬಿಳಿಯೂ ನಿಜವಾದದ್ದೇ, ಅವುಗಳ ಮದುವೆ ಮಾತ್ರ ಸುಳ್ಳು. ಮೆಸೇಜ್ ಮಾಡಿದೆ. ಉತ್ತರವಿಲ್ಲ. ದಿನವಿಡೀ ಇಂಥದ್ದೇ ಗಮ್ಮಿನಲ್ಲಿ ಫೋನು ಅಂಟಿಸುವವನಿಗೆ ಗಮ್ಮು ತೋರಿಸಿ ಮೋಸ ಮಾಡಿದನಲ್ಲ ಅಂತ ಸಿಟ್ಟಿಗಿಂತ ನಗು ಬಂತು. ಆಮೇಲೆ ಹರಳಿಗೆ ದುಡ್ಡು ಕೊಟ್ಟಿಲ್ಲ.

ಕೃಷ್ಣೆ ದಾಟಿ ಬಾಗಲಕೋಟೆ ಕಡೆ ಹೋದರೆ ಕಥೆಯೇ ಬೇರೆ. ಅಲ್ಲಿ ಕಲಾದಗಿ ಶ್ರೇಣಿ, ಮರಳುಗಲ್ಲು, ಸುಣ್ಣಗಲ್ಲು. ಕೆಳಗಿನ ಪದರುಗಳು 100 ಕೋಟಿ ವರ್ಷಕ್ಕೂ ಹಳೆಯವು, ನಮ್ಮ ಕರಿಕಲ್ಲು ಅವುಗಳ ಮುಂದೆ ತೊಟ್ಟಿಲ ಕೂಸು. ಸುಣ್ಣಗಲ್ಲಿನ ಬಿರುಕುಗಳಲ್ಲಿ ನಾಯಿಹಲ್ಲಿನ ಹಾಗೆ ಚೂಪಾದ ಕ್ಯಾಲ್ಸೈಟ್ ಸಿಕ್ಕಿದೆ, ಗಟ್ಟಿ ಕಲ್ಲಿನ ಸಂದಿಯಲ್ಲಿ ಕ್ವಾರ್ಟ್ಜ್ ಅಂದರೆ ನಮ್ಮ ಬೆಣಚುಕಲ್ಲಿನ ಸಣ್ಣ ಆರುಮೂಲೆ ಕಂಬಗಳು. ಬಾದಾಮಿಯ ಬಂಡೆಗೆ ಆ ಕೆಂಪು ಬಂದದ್ದು ಕಬ್ಬಿಣದ ತುಕ್ಕಿನಿಂದ. ಅಲ್ಲಿ ಏನನ್ನೂ ಎತ್ತಬೇಡಿ, ಸಂರಕ್ಷಿತ ಜಾಗ. ನಮ್ಮ ಕೋಟೆ ಗೋಡೆಯದ್ದೂ ಅಷ್ಟೇ. ಗೋಡೆ ಕಲ್ಲಿನಲ್ಲಿ ಬಿಳಿ ಚುಕ್ಕೆ ಕಂಡರೆ ನಾನು ಕೈ ಹಿಂದೆ ಕಟ್ಟಿಕೊಂಡು ಕೈಲೆನ್ಸಿಲ್ಲದೆ ಹೋಗುತ್ತೇನೆ, ಇಲ್ಲದಿದ್ದರೆ ಬೆರಳು ತುರಿಸುತ್ತದೆ.

ಕ್ವಾರಿಗೆ ಕೇಳದೆ ಹೋಗುವುದಿಲ್ಲ. ಸುರಂಗ ಹಾರಿಸುವ ದಿನವಂತೂ ಆ ಕಡೆ ತಲೆ ಹಾಕುವುದಿಲ್ಲ. ಗೋಡೆಯ ಬುಡಕ್ಕೆ ಹೋಗುವುದೂ ಇಲ್ಲ, ನನ್ನ ಕೆಲಸವೆಲ್ಲ ಎಸೆದ ರಾಶಿಯಲ್ಲಿ. ಮೊದಮೊದಲು 'ಬಂಗಾರ ಐತೇನ್ರೀ ಸರ?' ಅಂತ ಕೇಳುತ್ತಿದ್ದರು. ಇಲ್ಲ ಅಂದರೆ ಯಾರೂ ನಂಬಲಿಲ್ಲ. ಒಂದು ದಿನ ಹಳೇ ಫೋನಿಗೆ ಲೆನ್ಸ್ ಅಂಟಿಸಿಕೊಂಡು ಹೋಗಿ ತೋರಿಸಿದೆ. ಜರಡಿ ಹತ್ತಿರ ಕೆಲಸ ಮಾಡುವ ಒಬ್ಬ ಹುಡುಗ ಬಹಳ ಹೊತ್ತು ನೋಡಿದ, ಫೋನು ವಾಪಸ್ ಕೊಡಲು ಮನಸ್ಸಿರಲಿಲ್ಲ. ಅವತ್ತಿನಿಂದ ತನ್ನ ಊಟದ ಡಬ್ಬಿಯ ಮೇಲಿನ ಖಾನೆಯಲ್ಲಿ 'ಹೂವಿನ ಕಲ್ಲು' ಎತ್ತಿಟ್ಟುಕೊಂಡು, ಸಂತೆಯ ದಿನ ಅಂಗಡಿಗೆ ತಂದು ಕೊಡುತ್ತಾನೆ. ನಾನು ಅವನ ಫೋನು ಪುಕ್ಕಟೆ ನೋಡುತ್ತೇನೆ. ತರುವುದರಲ್ಲಿ ಮುಕ್ಕಾಲು ಪಾಲು ಏನೂ ಇರುವುದಿಲ್ಲ, ಉಳಿದ ಕಾಲು ಪಾಲಿಗೆ ಅವನ ಕಣ್ಣು ನನ್ನದಕ್ಕಿಂತ ಚುರುಕು.

ಹೋದ ತಿಂಗಳು ತಂದ ಕಲ್ಲಿನಲ್ಲಿ ನೀಲಿ ಇತ್ತು. ಜೀರಿಗೆಯ ಅರ್ಧದಷ್ಟು, ಒಂದು ತೂತಿನ ಅಂಚಿನಲ್ಲಿ, ಸ್ಟಿಲ್ಬೈಟಿನ ಸಿವುಡಿಗೆ ತಾಗಿ. ನನ್ನ ಎದೆ ಹೊಡೆದುಕೊಂಡದ್ದು ಪಕ್ಕದ ಜೆರಾಕ್ಸ್ ಅಂಗಡಿಗೂ ಕೇಳಿಸಿರಬೇಕು. ವಿಜಯಪುರದಲ್ಲಿ ಕ್ಯಾವನ್ಸೈಟ್! ಮನಸ್ಸು ಗಟ್ಟಿ ಮಾಡಿಕೊಂಡು ಸೆಲಡೊನೈಟ್ ಇರಬಹುದು ಅಂದುಕೊಂಡೆ, ಅದು ಹಸಿರು–ನೀಲಿ, ಈ ಕಲ್ಲಿನ ತೂತುಗಳ ಒಳಮೈಗೆ ಬಳಿದ ಹಾಗಿರುತ್ತದೆ, ಸಾಮಾನ್ಯವಾಗಿ ಸಿಗುವಂಥದ್ದೇ. ಆದರೆ ಸೆಲಡೊನೈಟ್ ಮಣ್ಣಿನ ಹಾಗಿರುತ್ತದೆ, ಇದು ಹೊಳೆಯುತ್ತಿತ್ತು. ಮೂರು ರಾತ್ರಿ ಕೂತೆ. ಒಂದೊಂದು ಎಳೆ ಫೋಕಸ್ ಬದಲಿಸಿ ನಲವತ್ತು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಪದರು ಪದರಾಗಿ ಕೂಡಿಸಿದೆ. ಹೀಗೆ ಮಾಡಿದರೆ ಮೇಲಿಂದ ತಳದವರೆಗೆ ಎಲ್ಲವೂ ಸ್ಪಷ್ಟ. ಚಿತ್ರದಲ್ಲಿ ಆ ನೀಲಿಗೆ ಮುಖಗಳೂ ಇರಲಿಲ್ಲ, ಮೂಲೆಗಳೂ ಇರಲಿಲ್ಲ. ಅಂಚು ಸ್ವಲ್ಪ ಸುರುಳಿ ಸುತ್ತಿತ್ತು. ಇಷ್ಟಾದರೂ ನಾನು ಒಪ್ಪಲಿಲ್ಲ, ಹರಳಿನ ಗುಂಪು ಹಾಗೂ ಇರಬಹುದಲ್ಲ ಅಂತ ಇನ್ನೊಂದು ದಿನ ತಳ್ಳಿದೆ. ನಾಲ್ಕನೇ ದಿನ ಬೇರೆ ದಾರಿ ಇಲ್ಲದೆ ಸೋಲ್ಡರಿಂಗ್ ಐರನ್ನಿನ ತುದಿ ಬಿಸಿ ಮಾಡಿ ಮೆಲ್ಲಗೆ ಮುಟ್ಟಿಸಿದೆ.

ಗುಳ್ಳೆ ಎದ್ದು, ಮುದುಡಿ, ವಾಸನೆ ಬಂತು. ಹೊಸ ಕಬ್ಬಿಣದ ಗೇಟಿನ ವಾಸನೆ.

ಸಂತೆಯ ದಿನ ಹುಡುಗ ಬಂದಾಗ ಕೇಳಿದೆ, ನಿಮ್ಮ ಜರಡಿ ಮಷೀನಿಗೆ ಯಾವ ಬಣ್ಣ ಹಚ್ಚಿದ್ದಾರೆ ಅಂತ. 'ನೀಲಿರೀ. ಯಾಕ್ರೀ?' ಅಂದ. ಏನಿಲ್ಲ ಅಂದೆ. ಪಕ್ಕದ ಸ್ಟಿಲ್ಬೈಟ್ ಚೆನ್ನಾಗಿಯೇ ಇತ್ತು, ಹಾಗಾಗಿ ಎರಡನ್ನೂ ಒಟ್ಟಿಗೆ ಬೆಂಡಿನ ಮೇಲೆ ಕೂರಿಸಿದೆ. ಡಬ್ಬಿ ನಂಬರ್ 212. ಲೇಬಲ್ಲಿನಲ್ಲಿ ಸ್ಟಿಲ್ಬೈಟಿನ ಮುಂದೆ ಪ್ರಶ್ನೆ ಚಿಹ್ನೆ ಇದೆ. ಕೆಳಗಿನ ಸಾಲಿನಲ್ಲಿ ಆಯಿಲ್ ಪೇಂಟ್, ನೀಲಿ, ಕ್ವಾರಿಯ ಊರು, ತಾರೀಖು. ಅದಕ್ಕೆ ಪ್ರಶ್ನೆ ಚಿಹ್ನೆ ಹಾಕಿಲ್ಲ.